ಲೈನು ಸರಿ ಇದೆ, ಕಳ್ಳ ಮನೆಯೊಳಗೇ!

ತಿಂಗಳ 20ನೇ ತಾರೀಖು ಬಂತೆಂದರೆ ದಾವಣಗೆರೆ ಮಂಡಿಪೇಟೆಯ ವ್ಯಾಪಾರಿಗಳಿಗೆ ಎದೆ ಡವಡವ. ಜಿಎಸ್‌ಟಿಯ ತಿಂಗಳ ಲೆಕ್ಕ ಒಪ್ಪಿಸುವವರಿಗೆ ಅದೇ ಕಡೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ. ವ್ಯಾಪಾರವೇ ಆಗದಿದ್ದರೂ ದಿನಕ್ಕೆ 20. ಬಾಕಿ ಉಳಿದ ತೆರಿಗೆಗೆ ವರ್ಷಕ್ಕೆ ಶೇಕಡ 18ರ ಬಡ್ಡಿ ಬೇರೆ.

ಇಂಥದೇ ಒಂದು 20ರ ರಾತ್ರಿ ಕಿರಾಣಿ ಸಾಹುಕಾರರೊಬ್ಬರು ಅಂಗಡಿ ಬಾಗಿಲು ಹಾಕಿ, ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತರು. ಅಂಕಿ ತುಂಬಿದರು. ಮೊಬೈಲಿಗೆ ಓಟಿಪಿ ಬಂತು. ಅದನ್ನು ಒತ್ತುವಷ್ಟರಲ್ಲಿ ನೆಟ್ ಮಾಯ! ಎರಡು ನಿಮಿಷಕ್ಕೆ ಬಂತು, ಮತ್ತೆ ಹೋಯಿತು. ಪರದೆಯ ಮೇಲೆ ಚಕ್ರ ತಿರುಗಿದ್ದೇ ಬಂತು. ಅತ್ತ ಪಡಸಾಲೆಯ ಟಿವಿಯಲ್ಲಿ ಅದೇ ನೆಟ್‌ನಿಂದ ಧಾರಾವಾಹಿ ಸರಾಗ. ಮಗನ ಮೊಬೈಲಿನಲ್ಲಿ ಕ್ರಿಕೆಟ್ಟೂ ಸರಾಗ.

ಸಾಹುಕಾರರು ನೆಟ್ ಕಂಪನಿಗೆ ಮೂರು ಸಲ ಫೋನು ಮಾಡಿ ಬೈದರು. "ಸಾರ್, ನಮ್ಮ ಕಡೆ ಲೈನ್ ಸರಿ ಇದೆ" ಎಂದ ಆ ಕಡೆಯ ಹುಡುಗ. "ಸರಿ ಇದ್ರೆ ನನ್ನ ಗತಿ ಯಾಕಪ್ಪಾ ಹಿಂಗಾತು?" ಎಂದು ಇವರು ಫೋನು ಕುಕ್ಕಿದರು.

ಆದರೆ ಆ ಹುಡುಗ ಹೇಳಿದ್ದೇ ನಿಜ.

ಮೊದಲ ಪರೀಕ್ಷೆ

ಒಂಬತ್ತೂವರೆಗೆ ಬೀದಿಯ ಕಂಪ್ಯೂಟರ್ ರಿಪೇರಿ ಹುಡುಗ ಬಂದ. ಯಾವುದನ್ನೂ ಬಿಚ್ಚಲಿಲ್ಲ. "ಸಾವ್ಕಾರ್ರೆ, ನಿಮ್ಮ ಮೊಬೈಲ್‌ನಾಗೆ ಸಿಮ್ಮಿನ ಡೇಟಾ ಬಂದ್ ಮಾಡಿ, ಮನೆ ವೈಫೈ ಹಾಕ್ಕೊಂಡು ಇಲ್ಲೇ ಕಂಪ್ಯೂಟರ್ ಪಕ್ಕ ಹಿಡೀರಿ" ಎಂದ. ಮೊಬೈಲಿನಲ್ಲಿ ನೆಟ್ ಚೆನ್ನಾಗಿ ಓಡಿತು. ಅಂದರೆ ಲೈನೂ ಸರಿ, ರೂಟರೂ ಸರಿ, ಆ ಮೂಲೆಗೆ ವೈಫೈ ಕೂಡ ಬರುತ್ತಿದೆ. ಕೆಟ್ಟಿರುವುದು ಆ ಒಂದು ಕಂಪ್ಯೂಟರಿನ ಸುತ್ತಮುತ್ತ.

ಆಮೇಲೆ ಉದ್ದನೆಯ ಕೇಬಲ್ ತಂದು ರೂಟರಿನಿಂದ ನೇರವಾಗಿ ಕಂಪ್ಯೂಟರಿಗೆ ಚುಚ್ಚಿದ. ನೆಟ್ ಕದಲಲಿಲ್ಲ! ಹತ್ತೂವರೆಗೆ ಲೆಕ್ಕ ಒಪ್ಪಿಸಿ ಆಯಿತು. ದಂಡ ತಪ್ಪಿತು.

"ಇನ್ನೇನಪ್ಪಾ, ವೈರೇ ಇರ್ಲಿ ಬಿಡು" ಎಂದರು ಸಾಹುಕಾರರು. ಪಡಸಾಲೆಗೆ ಅಡ್ಡಲಾಗಿ ಬಿದ್ದಿದ್ದ ವೈರು ನೋಡಿ ಮನೆಯಾಕೆ, "ಏನ್ರೀ, ಇದನ್ನ ಎಡವಿ ನಾನು ಬಿದ್ರೆ ಆ ದಂಡ ಯಾರು ಕಟ್ತಾರೆ?" ಎಂದರು. ಕಳ್ಳನನ್ನು ಹಿಡಿಯಲೇಬೇಕಾಯಿತು.

ರೋಕಡಿ ಪುಸ್ತಕದ ಉಪಾಯ

ಸದಾ ಕೆಟ್ಟಿರುವ ಯಂತ್ರದ ದೋಷ ಹಿಡಿಯುವುದು ಸುಲಭ. ಆಗಾಗ ಕೆಡುವುದೇ ಕಷ್ಟ. ರಿಪೇರಿಯವನು ಬಂದಾಗ ಅದು ಸರಿಯಾಗಿಯೇ ಇರುತ್ತದೆ. ಹುಡುಗ ಒಂದು ಉಪಾಯ ಹೇಳಿಕೊಟ್ಟ: "ವೈರ್ ತೆಗೆದು ಮೊದಲಿನಂಗೆ ವೈಫೈನಾಗೇ ನಡೆಸ್ರಿ. ನೆಟ್ ಹೋದಾಗೆಲ್ಲ ಟೈಮ್ ಬರೀರಿ, ಆಗ ಏನ್ ಮಾಡ್ತಿದ್ರಿ ಅಂತಾನೂ ಬರೀರಿ."

ರೋಕಡಿ ಬರೆದು ಪಳಗಿದ ಕೈ. ಮೂರು ದಿನದಲ್ಲಿ ಒಂದು ಹಾಳೆ ತುಂಬಿತು. ಓದಿ ನೋಡಿದರೆ ಎಲ್ಲ ಸಾಲಿನಲ್ಲೂ ಒಂದೇ ಮಾತು: ಅಂಗಡಿ ಲೆಕ್ಕವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡುವಾಗಲೇ ನೆಟ್ ಹೋಗಿದೆ. 20ರ ರಾತ್ರಿಯೂ ಆ ಕೆಲಸ ಹಿಂದೆ ನಡೆದೇ ಇತ್ತು!

ಕಂಪ್ಯೂಟರಿನ ಬೆನ್ನಿಗೆ ವೈಫೈ ಹಿಡಿಯುವ ಪುಟ್ಟ ಡಾಂಗಲ್ ಚುಚ್ಚಿತ್ತು. ಅದರ ಮಗ್ಗುಲಲ್ಲೇ ಹಾರ್ಡ್ ಡಿಸ್ಕ್. ಇಂಥ ಯುಎಸ್‌ಬಿ 3.0 ಸಾಮಾನು ಕೆಲಸ ಮಾಡುವಾಗ ಹೊರಡುವ ಗದ್ದಲ, ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗೇ ಅಡ್ಡ ಬರುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಬರೆದು ಪ್ರಕಟಿಸಿದೆ. ಸಂತೆಯ ನಡುವೆ ನಿಂತು ಪಿಸುಮಾತು ಕೇಳಿಸಿಕೊಂಡಂತೆ ಆ ಡಾಂಗಲ್ಲಿನ ಪಾಡು. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರು ಹಾಕಿ ಡಾಂಗಲನ್ನು ಮೇಜಿನ ಮೇಲೆ ದೂರಕ್ಕೆ ತಂದರು. ರೋಗ ವಾಸಿ!

ನಿಮ್ಮ ಮನೆಯಲ್ಲಾದರೆ

ಎಲ್ಲರ ಮನೆಯ ಕಳ್ಳನೂ ಇವನೇ ಎನ್ನುವಂತಿಲ್ಲ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೇ 2.4ರ ಅಲೆಯಲ್ಲಿ ಗದ್ದಲ ಎಬ್ಬಿಸುತ್ತದೆ. ರೂಟರಿನಲ್ಲೂ ಕಂಪ್ಯೂಟರಿನಲ್ಲೂ 5 ಗಿಗಾಹರ್ಟ್ಸ್ ಸೌಲಭ್ಯ ಇದ್ದರೆ ಅದಕ್ಕೆ ಬದಲಾಯಿಸಿ ನೋಡಬಹುದು. ಅದು ಗೋಡೆ ದಾಟುವುದರಲ್ಲಿ ಸ್ವಲ್ಪ ಸೋಲುತ್ತದೆ, ಅಷ್ಟೆ. ಕೆಲವು ಕಂಪ್ಯೂಟರುಗಳು ಕರೆಂಟು ಉಳಿಸಲೆಂದು ವೈಫೈ ಭಾಗವನ್ನು ತಾವೇ ಮಲಗಿಸುತ್ತವೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಅನುಮತಿಯ ಗುರುತು ತೆಗೆದರಾಯಿತು. ಕೇಬಲ್ ಹಾಕಿಕೊಂಡವರು ಅದರ ತುದಿಯ ಪ್ಲಾಸ್ಟಿಕ್ ಕ್ಲಿಪ್ಪು ಮುರಿದಿದೆಯೇ ನೋಡಬೇಕು. ಮುರಿದಿದ್ದರೆ ಕೇಬಲ್ ಸಡಿಲಾಗಿ ಅಲುಗಿದಾಗೆಲ್ಲ ನೆಟ್ ಹೋಗಿ ಬರುತ್ತದೆ.

ದೋಷ ಒಳಗೋ ಹೊರಗೋ ತಿಳಿಯಲು ಪಿಂಗ್ ಎಂಬ ಆಜ್ಞೆ ಇದೆ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಪರದೆ ತೆರೆದು ಮೊದಲು ರೂಟರಿನ ವಿಳಾಸವನ್ನು ಕೂಗಬೇಕು. ಬಹಳ ಮನೆಗಳಲ್ಲಿ ಅದು 192.168.1.1. ಆಮೇಲೆ ಹೊರಗಿನ 8.8.8.8. ರೂಟರೇ ಆಗಾಗ ಓಗೊಡದಿದ್ದರೆ ಕಳ್ಳ ಮನೆಯೊಳಗೆ. ರೂಟರು ತಪ್ಪದೆ ಓಗೊಟ್ಟು, ಹೊರಗಿನದು ಮಾತ್ರ ತಪ್ಪುತ್ತಿದ್ದರೆ ಲೈನಿನ ಮೇಲೆ ಅನುಮಾನ ಪಡಬಹುದು. ಫೈಬರ್ ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬ ಕೆಂಪು ದೀಪ ಹತ್ತಿದರಂತೂ ಲೈನಿನ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ಕಂಪನಿಯವರನ್ನು ಧಾರಾಳವಾಗಿ ಕರೆಸಿ.

ಒಂದು ಎಚ್ಚರ ಮಾತ್ರ ಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ನಾಲ್ಕನ್ನು ಒಟ್ಟಿಗೆ ತಿರುವಿದರೆ ಯಾವುದರಿಂದ ಸರಿಹೋಯಿತೆಂದು ಬ್ರಹ್ಮನಿಗೂ ತಿಳಿಯದು.

ಸಾಹುಕಾರರು ಮರುದಿನ ಕಂಪನಿಗೆ ನಾಲ್ಕನೆಯ ಸಲ ಫೋನು ಮಾಡಿದರು, ಬೈಯಲಿಕ್ಕಲ್ಲ. "ತಮ್ಮಾ, ನೀ ಹೇಳಿದ್ದೇ ಖರೆ ಇತ್ತು" ಎಂದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗಾಗಿತ್ತು ಕತೆ.