ಬೇರಿಗೆಂದು ಊದಿದ ಗಾಳಿ

ನಮ್ಮ ಕೂಡ್ಲಿಗಿ ಸೀಮೆಯ ಹೊಸಹಳ್ಳಿಯಲ್ಲಿ ಮಳೆ ನಿಂತ ಮೇಲೆ ಕ್ರಿಕೆಟ್ ಆಡಲು ನಾವು ಹುಡುಕುತ್ತಿದ್ದುದು ಮರಳು ಬೆರೆತ ಮಸಾರಿ ನೆಲ. ಎರೆ ನೆಲಕ್ಕೆ ಕಾಲಿಟ್ಟರೆ ಅಂಟುಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತಿತ್ತು. ಮಸಾರಿಯಲ್ಲಿ ನೀರು ಇಂಗಿ ಚೆಂಡು ಬೇಗ ಪುಟಿಯುತ್ತಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಇದೇ ಪಾಠ ಕಲಿತದ್ದು ಒಂದು ಟೆಸ್ಟನ್ನೇ ಮಳೆಗೆ ಕೊಟ್ಟ ಮೇಲೆ.

2015ರ ನವೆಂಬರ್. ದಕ್ಷಿಣ ಆಫ್ರಿಕಾದ ಎಬಿ ಡಿವಿಲಿಯರ್ಸ್‌ಗೆ ಅದು ನೂರನೇ ಟೆಸ್ಟ್. ಮೊದಲ ದಿನ ಅವರ ತಂಡ 214ಕ್ಕೆ ಆಲೌಟ್. ಭಾರತ ವಿಕೆಟ್ ನಷ್ಟವಿಲ್ಲದೆ 80. ಉಳಿದ ನಾಲ್ಕು ದಿನ ಒಂದೇ ಒಂದು ಎಸೆತವೂ ನಡೆಯಲಿಲ್ಲ.

ಪರಿಹಾರ ಸಿಕ್ಕಿದ್ದು ಗಾಲ್ಫ್‌ನಲ್ಲಿ. ಅಮೆರಿಕದ ಅಗಸ್ಟಾ ನ್ಯಾಷನಲ್ ಅಂಗಳದ ಉಸ್ತುವಾರಿ ಮಾರ್ಶ್ ಬೆನ್ಸನ್‌ಗೆ 1990ರ ದಶಕದಲ್ಲಿ ಹುಲ್ಲಿನ ಚಿಂತೆ. ನೀರು ನಿಂತರೆ ಬೇರಿಗೆ ಉಸಿರಿಲ್ಲ. ಬೇರು ಸೋತರೆ ಹುಲ್ಲೂ ಸೋಲುತ್ತದೆ. ನೆಲದಡಿ ನೀರು ಬಸಿಯಲು ಹಾಕಿದ್ದ ಕೊಳವೆಗಳಿಗೇ ಅವರು ಗಾಳಿಯಂತ್ರ ಜೋಡಿಸಿದರು. ಒಂದು ಕಡೆ ತಿರುಗಿಸಿದರೆ ಗಾಳಿ ಬೇರಿನತ್ತ ಏರುತ್ತದೆ, ತಿರುವುಮುರುವು ಮಾಡಿದರೆ ಮಣ್ಣಿನ ನೀರನ್ನು ಕೆಳಕ್ಕೆ ಸೆಳೆಯುತ್ತದೆ. ಅದೇ ‘ಸಬ್‌ಏರ್’.

2017ರಲ್ಲಿ ಇದನ್ನು ಅಳವಡಿಸಿಕೊಂಡ ಚಿನ್ನಸ್ವಾಮಿ, ಜಗತ್ತಿನ ಕ್ರಿಕೆಟ್ ಮೈದಾನಗಳಲ್ಲೇ ಮೊದಲನೆಯದಾಯಿತು. ಮೊದಲು ಔಟ್‌ಫೀಲ್ಡಿನ ಜಿಗುಟು ಮಣ್ಣು ತೆಗೆದು ಮರಳು ತುಂಬಿದರು. ಅಡಿಯಲ್ಲಿ ತೂತು ಕೊಳವೆಗಳ ಜಾಲ ಹಾಸಿದರು. ನಿಮಿಷಕ್ಕೆ 10,000 ಲೀಟರ್ ನೀರು ಎಳೆಯಬಲ್ಲದೆಂದು ಆಗ ಹೇಳಿದರು. ನನ್ನ ಮಟ್ಟಿಗೆ ಅರ್ಧ ಗೆಲುವು ಯಂತ್ರದ್ದಾದರೆ ಇನ್ನರ್ಧ ಆ ಮರಳಿನದು. ಎರೆಯನ್ನು ತೆಗೆದು ಮಸಾರಿ ಮಾಡಿದಂತೆ.

2024ರ ಮೇ 18ರಂದು ಇದೇ ಮೈದಾನದ ಐಪಿಎಲ್ ಪಂದ್ಯದಲ್ಲಿ ಚೆನ್ನೈ ವಿರುದ್ಧ ಬೆಂಗಳೂರಿನ ಆರ್‌ಸಿಬಿ ತಂಡ ಮೂರು ಓವರ್ ಆಡಿದ್ದಾಗ ಮಳೆ ಸುರಿಯಿತು. ಮಳೆ ನಿಂತ ಮೇಲೆ ಒಂದು ಓವರೂ ಕಡಿತವಾಗದೆ ಆಟ ಮುಂದುವರಿಯಿತು. ಆರ್‌ಸಿಬಿ 27 ರನ್‌ಗಳಿಂದ ಗೆದ್ದು ಪ್ಲೇಆಫ್ ಸೇರಿತು. ಅದೇ ವರ್ಷ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟಿನ ಮೊದಲ ದಿನ ಮಾತ್ರ ಪೂರ್ತಿ ಕೊಚ್ಚಿಹೋಯಿತು. ಬಿದ್ದ ನೀರನ್ನು ಯಂತ್ರ ಹೀರೀತು, ಬೀಳುವ ಮಳೆಯನ್ನು ತಡೆಯಲಾರದು.

ನಮ್ಮ ತಾಲ್ಲೂಕು ಮೈದಾನಗಳಿಗೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬರಲಿಕ್ಕಿಲ್ಲ. ಆದರೆ ಮರಳಿನ ಹಾಸು, ಅಂಚಿನತ್ತ ತುಸು ಇಳಿಜಾರು, ಸುತ್ತ ಒಂದು ಬಸಿಗಾಲುವೆ ನಮ್ಮ ಕೈಲಾಗುವ ಕೆಲಸ. ಹೊಲದ ಬದುವಿನಲ್ಲಿ ನಿಂತು ನೀರಿಗೆ ದಾರಿ ಬಿಡಿಸುವ ರೈತನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.