ನಿಮಗಿದು ಗೊತ್ತೇ? ಡೀಸೆಲ್ ಕಾರಿಗೆ ಅಗ್ಗದ ಪವರ್

ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ ಸಾಕೆಟ್ಟಿಗೆ ಚುಚ್ಚಿದರೆ ಸಾಕು, ಪವರ್ರೂ ಏರುತ್ತದೆ, ಮೈಲೇಜೂ ಏರುತ್ತದೆ ಎಂದು ಕೆಲವೇ ನೂರು ರೂಪಾಯಿಗೆ ಮಾರುವ ಪ್ಲಗ್ ನೋಡಿರಬಹುದು. ಅಂಥದ್ದೊಂದನ್ನು ಬಿಚ್ಚಿದ ಎಂಜಿನಿಯರುಗಳಿಗೆ ಸಿಕ್ಕಿದ್ದು ಮಿನುಗುವ ಎಲ್‌ಇಡಿಗಳು, ಒಂದು ಪುಟ್ಟ ಚಿಪ್. ಎಂಜಿನ್ ಕಂಪ್ಯೂಟರ್ ಜೊತೆ ಮಾತಾಡಲು ಬೇಕಾದ ಬಿಡಿಭಾಗವೇ ಒಳಗಿರಲಿಲ್ಲ. 16ನೇ ಪಿನ್ನಿನಲ್ಲಿ ಬ್ಯಾಟರಿ ಕರೆಂಟು ಸದಾ ಇರುತ್ತದೆ, ಹಾಗಾಗಿ ದೀಪವಂತೂ ಉರಿಯುತ್ತದೆ.

ಕಾಮನ್ ರೈಲ್ ಡೀಸೆಲ್ ತಂತ್ರಜ್ಞಾನ ಕಾರಿಗೆ ಬಂದದ್ದು 1997ರಲ್ಲಿ, ಆಲ್ಫಾ ರೋಮಿಯೊ 156ರ ಜೊತೆ. ಇಂದಿನ ಕಾರುಗಳ ರೈಲಿನಲ್ಲಿ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ, ಒತ್ತಡ 1,600 ಬಾರ್ ದಾಟುವುದು ಸಾಮಾನ್ಯ. ಪೆಸಿಫಿಕ್ ಸಾಗರದ ಅತ್ಯಂತ ಆಳದ ಮರಿಯಾನಾ ಕಂದಕದ ತಳದಲ್ಲೂ ಇರುವುದು ಸುಮಾರು 1,100 ಬಾರ್ ಅಷ್ಟೆ.

ಪವರ್ ಏರಿಸಲು ಹಾಕಿಸುವ ಟ್ಯೂನಿಂಗ್ ಬಾಕ್ಸ್ ಕೈ ಹಾಕುವುದು ಈ ಒತ್ತಡಕ್ಕೇ. ರೈಲಿನ ಸೆನ್ಸರಿಗೂ ಎಂಜಿನ್ ಕಂಪ್ಯೂಟರಾದ ಇಸಿಯುಗೂ ನಡುವೆ ಕೂತು ಸುಳ್ಳು ಹೇಳುವುದೇ ಅದರ ಕೆಲಸ. ನಿಜ ಒತ್ತಡ 1,400 ಬಾರ್ ಇದ್ದರೆ, ಉದಾಹರಣೆಗೆ, 1,250 ಅನ್ನುತ್ತದೆ. ಇಸಿಯು ಅದನ್ನು ನಂಬಿ ಒತ್ತಡ ಏರಿಸುತ್ತದೆ, ಇಂಜೆಕ್ಟರಿನಿಂದ ಹೆಚ್ಚು ಡೀಸೆಲ್ ಸುರಿಯುತ್ತದೆ. ಎಳೆತ ಜಾಸ್ತಿಯಾಗುವುದು ನಿಜವೇ. ಆದರೆ ಡ್ಯಾಶ್‌ಬೋರ್ಡಿನ ಮೈಲೇಜ್ ಲೆಕ್ಕವೂ ಇದೇ ಸುಳ್ಳಿನ ಮೇಲೆ ನಡೆಯುತ್ತದೆ: ಸುರಿದದ್ದಕ್ಕಿಂತ ಕಡಿಮೆ ಡೀಸೆಲ್ ಖರ್ಚಾಯಿತೆಂದು ತೋರಿಸುತ್ತದೆ. ‘ಬಾಕ್ಸ್ ಹಾಕಿಸಿದ ಮೇಲೆ ಮೈಲೇಜೂ ಬಂತು’ ಅನ್ನುವವರು ಒಮ್ಮೆ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕಿಗೆ ಅಳೆದು ನೋಡಲಿ.

ಆಕ್ಸಿಲರೇಟರಿಗೆ ಹಾಕುವ ಪೆಡಲ್ ಬಾಕ್ಸ್ ಪವರ್ ಕೊಡುವುದಿಲ್ಲ. ಅರ್ಧ ಒತ್ತಿದ್ದನ್ನು ಮುಕ್ಕಾಲು ಒತ್ತಿದಂತೆ ತೋರಿಸುತ್ತದೆ. ಪೂರ್ತಿ ಒತ್ತಿದರೆ ಬಾಕ್ಸ್ ಇದ್ದರೂ ಇಲ್ಲದಿದ್ದರೂ ಒಂದೇ.

ಕೋನ್ ಆಕಾರದ ಏರ್ ಫಿಲ್ಟರ್? ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಮೊದಲೇ ಧಾರಾಳ, ಪವರನ್ನು ನಿರ್ಧರಿಸುವುದು ಇಂಧನದ ಅಳತೆ. ಸದ್ದು ಮಾತ್ರ ಚೆನ್ನಾಗಿ ಬರುತ್ತದೆ.

‘ರಾಷ್ಟ್ರೀಯ ಎಂಜಿನ್’ ಎಂದೇ ಹೆಸರಾದ ಫಿಯಟ್‌ನ 1,248 ಸಿಸಿ ಮಲ್ಟಿಜೆಟ್ ಸ್ವಿಫ್ಟ್‌ನಲ್ಲಿ ಕೊಟ್ಟದ್ದು 75 ಪಿಎಸ್, ಎಸ್‌ಎಕ್ಸ್4ರಲ್ಲಿ 90 ಪಿಎಸ್. ಹಾಗಾದರೆ ಸಾಫ್ಟ್‌ವೇರ್ ಬದಲಿಸಿದರೆ ಸ್ವಿಫ್ಟ್ ಕೂಡ 90 ಆಗಬೇಕಲ್ಲ? ರೀಮ್ಯಾಪ್ ಮಾಡುವವರ ವಾದ ಇದೇ. ಅವರು ಹೇಳದೆ ಬಿಡುವ ಸಂಗತಿ ಒಂದಿದೆ: 90ರ ಆವೃತ್ತಿಗೆ ಫಿಯಟ್ ಟರ್ಬೊವನ್ನೇ ಬದಲಿಸಿತ್ತು. ಸ್ವಿಫ್ಟ್‌ನದು ಸ್ಥಿರ ರೆಕ್ಕೆಯದ್ದು, ಎಸ್‌ಎಕ್ಸ್4ರದ್ದು ರೆಕ್ಕೆಯ ಕೋನ ಬದಲಿಸಿಕೊಳ್ಳುವ ವಿಜಿಟಿ. ಸ್ಥಿರ ರೆಕ್ಕೆಯ ಟರ್ಬೊದಿಂದಲೇ ಅಷ್ಟು ಹಿಂಡಿದರೆ ಗಾಳಿ ಸಾಲದೆ ಕಪ್ಪು ಹೊಗೆ, ಏರುವ ಎಕ್ಸಾಸ್ಟ್ ಬಿಸಿ. ಆದರೂ ಒಳ್ಳೆಯ ಟ್ಯೂನರ್ ಹದವಾಗಿ ಮಾಡಿದ ರೀಮ್ಯಾಪನ್ನು ಈ ಬಾಕ್ಸುಗಳ ಸಾಲಿಗೆ ಸೇರಿಸಲಾರೆ. ಅಲ್ಲಿ ಇಸಿಯುಗೆ ನಿಜ ಗೊತ್ತಿರುತ್ತದೆ. ಅಗ್ಗ ಮಾತ್ರ ಅಲ್ಲ.

ಎಂಜಿನ್ ತಡೆದರೂ ಗೇರ್‌ಬಾಕ್ಸ್ ತಡೆಯಬೇಕು. ಫೋಕ್ಸ್‌ವ್ಯಾಗನ್ ಬಳಗದ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿಯ ಟಾರ್ಕ್ ಮಿತಿ 250 ಎನ್‌ಎಂ. ರ್‍ಯಾಪಿಡ್, ವೆಂಟೊಗಳ 1.5 ಟಿಡಿಐ ಕಂಪನಿಯಿಂದ ಬರುವಾಗಲೇ ಕೊಡುತ್ತಿದ್ದದ್ದು 250 ಎನ್‌ಎಂ!

ಈ ಬಳಗದ ಸರ್ವಿಸ್ ವ್ಯವಸ್ಥೆಯಲ್ಲಿ ಬದಲಿಸಿದ ಸಾಫ್ಟ್‌ವೇರ್ ಪತ್ತೆಯಾದರೆ ಆ ಕಾರಿಗೆ ‘ಟಿಡಿ1’ ಎಂಬ ಗುರುತು ಬೀಳುತ್ತದೆ. ಆಮೇಲೆ ವಾರಂಟಿ ಕೇಳುವುದು ಕಷ್ಟ.

ಆರ್‌ಸಿಯಲ್ಲಿರುವ ವಿವರ ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ತಿದ್ದುಪಡಿಯಿಂದ, ನಿಯಮ ಮೀರಿದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ತುಂಬಿದ ಮಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಲು ಕಾರು ಒಂದಷ್ಟು ಹೊತ್ತು ಒಂದೇ ಸಮನೆ ಓಡಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ಕಿನಲ್ಲಿ ದಿನಾ ಓಡಾಡುವವರಿಗೆ ಇದೇ ದುರ್ಲಭ, ಅದರ ಮೇಲೆ ಬಾಕ್ಸ್ ಹಾಕಿ ಮಸಿ ಹೆಚ್ಚಿಸಿಕೊಂಡರೆ ಡಿಪಿಎಫ್ ದೀಪ ಆರುವುದೇ ಇಲ್ಲ.

ನಿಜಕ್ಕೂ ಅಗ್ಗದ ಪವರ್ ಬೇಕೇ? ಘಾಟಿ ಹತ್ತುವಾಗ ಬಾನೆಟ್ಟಿನಿಂದ ಸಿಳ್ಳೆಯಂಥ ಸದ್ದು, ಹಿಂದೆ ಕಪ್ಪು ಹೊಗೆ, ಮೊದಲಿನ ಎಳೆತವಿಲ್ಲ ಎಂದಾದರೆ ಇಂಟರ್‌ಕೂಲರ್ ಹೋಸ್ ಮುಟ್ಟಿ ನೋಡಿ. ಸೀಳಿದ ಜಾಗದಲ್ಲಿ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿರುತ್ತದೆ. ಟರ್ಬೊ ಒತ್ತಿದ ಗಾಳಿ ಅಲ್ಲೇ ಸೋರುತ್ತಿರುತ್ತದೆ. ಆ ಹೋಸ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ ನೋಡಿ. ಆಮೇಲೂ ಬಾಕ್ಸ್ ಬೇಕೆನಿಸಿದರೆ ಕೊಳ್ಳಲು ಅಂಗಡಿ ತೆರೆದೇ ಇರುತ್ತದೆ.