ಗೋಣಿಯ ಎರಡು ಕಿವಿ

ಸಕಲೇಶಪುರ ದಾಟಿ ಮಂಗಳೂರಿನ ದಾರಿ ಹಿಡಿದರೆ ಆನೇಮಹಲ್. ಜನವರಿಯ ಬಿಸಿಲಿಗೆ ಇಲ್ಲಿನ ತೋಟಗಳ ಕಣದಲ್ಲಿ ಕಾಫಿ ಹರಡಿರುತ್ತದೆ. ಹಣ್ಣಿನ ಸಿಪ್ಪೆಯೊಂದಿಗೇ ಒಣಗಿದ ಚೆರ್ರಿಯನ್ನು ಮುಷ್ಟಿಯಲ್ಲಿ ಹಿಡಿದು ಕುಲುಕಬೇಕು. ಒಳಗಿನ ಕಾಳು ಗಲಗಲ ಎಂದರೆ ಚೀಲ ತುಂಬುವ ಹೊತ್ತು ಬಂದಂತೆ.

ಒಬ್ಬರು ಗೋಣಿಯ ಬಾಯಿ ಅಗಲಿಸಿ ಹಿಡಿಯುತ್ತಾರೆ, ಇನ್ನೊಬ್ಬರು ಬುಟ್ಟಿಯಲ್ಲಿ ತಂದು ಸುರಿಯುತ್ತಾರೆ. ನಡುನಡುವೆ ಚೀಲವನ್ನು ಎತ್ತಿ ಕುಕ್ಕಿದರೆ ಕಾಳು ತಳಕ್ಕೆ ಇಳಿದು ಕೂರುತ್ತದೆ. ಬಾಯಿಯವರೆಗೂ ತುಂಬುವಂತಿಲ್ಲ, ಮಡಚಲು ನಾಲ್ಕು ಬೆರಳಷ್ಟು ಜಾಗ ಬಿಡಬೇಕು. ಆಮೇಲೆ ದಬ್ಬಣ, ಹುರಿ. ಹೊಲಿಗೆಯ ಎರಡೂ ತುದಿಯಲ್ಲಿ ಮೂಲೆಯನ್ನು ಒಟ್ಟುಮಾಡಿ ಬಿಗಿದರೆ ಎರಡು ಕಿವಿಗಳು ನಿಲ್ಲುತ್ತವೆ. ಮೂಟೆ ಎತ್ತುವವರ ಕೈಗೆ ಸಿಗುವ ಹಿಡಿ ಅದೊಂದೇ. ಕಿವಿ ಇಲ್ಲದಿದ್ದರೆ ಕೊಕ್ಕೆ ಹಾಕಬೇಕು, ಕೊಕ್ಕೆ ಹಾಕಿದರೆ ಗೋಣಿ ಹರಿಯುತ್ತದೆ.

ಕಾಫಿಯ ಇತಿಹಾಸವನ್ನು ನಾವು ಬಾಬಾ ಬುಡನ್ ತಂದ ಏಳು ಬೀಜಗಳಿಂದ ಶುರುಮಾಡುತ್ತೇವೆ. ಆ ಬೀಜದ ಬೆಳೆಯನ್ನು ಲೋಕಕ್ಕೆ ಮುಟ್ಟಿಸಿದ ಈ ಚೀಲಕ್ಕೂ, ಅದನ್ನು ತುಂಬಿದ ಕೈಗಳಿಗೂ ಒಂದು ಇತಿಹಾಸವಿದೆ.

ಹೇರಿನಿಂದ ಹಡಗಿಗೆ

ಗೋಣಿ ನಮ್ಮದೇ ಹಳೆಯ ಮಾತು. ಇಂಗ್ಲಿಷಿನ ‘ಗನ್ನಿ’ ಕೂಡ ಇದೇ ಬಳಗದ ಪದ. ಸೆಣಬಿನ ಚೀಲ ಮಾಡುವ ಗೋಣಿಗರೆಂಬ ಸಮುದಾಯವೇ ಕನ್ನಡ ನಾಡಿನಲ್ಲಿತ್ತು. ಗಾಡಿ ಹೋಗುವ ದಾರಿ ಇಲ್ಲದ ಕಾಲದಲ್ಲಿ ಎತ್ತಿನ ಬೆನ್ನಿನ ಎರಡೂ ಬದಿಗೆ ಗೋಣಿ ಇಳಿಬಿಟ್ಟು ಘಟ್ಟ ಹತ್ತಿಸುತ್ತಿದ್ದರು, ಇಳಿಸುತ್ತಿದ್ದರು. ಅದಕ್ಕೆ ಹೇರು ಎಂದು ಹೆಸರು. ಎರಡೂ ಬದಿಯ ತೂಕ ಸಮನಾಗದಿದ್ದರೆ ಎತ್ತಿಗೆ ನಡೆಯಲಾಗದು. ಹಾಗಾಗಿ ಹೇರು ಕಟ್ಟುವವನಿಗೆ ಲೆಕ್ಕವೂ ಗೊತ್ತಿರಬೇಕಿತ್ತು, ಪ್ರಾಣಿಯ ಬೆನ್ನೂ ಗೊತ್ತಿರಬೇಕಿತ್ತು.

ಸಕಲೇಶಪುರದ ಸೀಮೆಗೆ ಆಗ ಮಂಜರಾಬಾದ್ ಎಂಬ ಹೆಸರು. ಇಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ತನ್ನ ಅನುಭವವನ್ನು 1894ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅಷ್ಟರಲ್ಲಿ ಚೀಲದ ಲೋಕವೇ ಬದಲಾಗಿತ್ತು. 1855ರಲ್ಲಿ ಕಲ್ಕತ್ತೆಯ ಬಳಿಯ ರಿಷ್ರಾದಲ್ಲಿ ಸೆಣಬಿನ ನಾರು ನೂಲುವ ಮೊದಲ ಗಿರಣಿ ಶುರುವಾಗಿ, ಗಿರಣಿಯ ಗೋಣಿ ದೇಶವನ್ನೆಲ್ಲ ತುಂಬತೊಡಗಿತು. ಮಲೆನಾಡಿನ ಕಾಫಿ ಸಿಪ್ಪೆಯೊಡನೆಯೇ ಮೂಟೆಯಾಗಿ ಘಟ್ಟ ಇಳಿಯುತ್ತಿತ್ತು. ಮಂಗಳೂರಿನಲ್ಲಿ ಪಿಯರ್ಸ್ ಲೆಸ್ಲಿಯಂಥ ಕಂಪನಿಗಳ ಕ್ಯೂರಿಂಗ್ ಕಾರ್ಖಾನೆಗಳು ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಬೇರ್ಪಡಿಸಿ, ಹೊಸ ಚೀಲಕ್ಕೆ ತುಂಬಿ ಹಡಗಿಗೆ ಏರಿಸುತ್ತಿದ್ದವು.

ಹಾಯಿಹಡಗು ಯೂರೋಪು ಮುಟ್ಟಲು ತಿಂಗಳುಗಳೇ ಬೇಕಿತ್ತು. ಕಡಲಿನ ತೇವ ಗೋಣಿಯ ಕಣ್ಣುಗಳಿಂದ ಒಳನುಗ್ಗಿ ಕಾಳು ಉಬ್ಬಿ ಹಳದಿಯಾಗುತ್ತಿತ್ತು. ಅಲ್ಲಿನವರ ನಾಲಗೆ ಆ ರುಚಿಗೇ ಒಗ್ಗಿಹೋಯಿತು. ಪ್ರಯಾಣ ಚುರುಕಾದ ಮೇಲೆ ಅದೇ ರುಚಿಯನ್ನು ಕರಾವಳಿಯ ಗೋದಾಮಿನಲ್ಲಿ ಕೈಯಾರೆ ತರಿಸಬೇಕಾಯಿತು. ಇಂದಿಗೂ ಮಳೆಗಾಲದಲ್ಲಿ ಕಾಳನ್ನು ನೆಲದ ಮೇಲೆ ಹರಡಿ ಕೈಯಾಡಿಸಿ, ಚೀಲಕ್ಕೆ ಸಡಿಲವಾಗಿ ತುಂಬಿ, ಸಾಲುಗಳ ನಡುವೆ ಗಾಳಿಗೆ ದಾರಿ ಬಿಟ್ಟು ಜೋಡಿಸುತ್ತಾರೆ. ಮತ್ತೆ ಸುರಿದು ಮತ್ತೆ ತುಂಬುತ್ತಾರೆ. ಮಾನ್ಸೂನ್ಡ್ ಮಲಬಾರ್ ಎಂದು ಲೋಕ ಮೆಚ್ಚಿ ಕುಡಿಯುವ ಕಾಫಿ, ಚೀಲ ತುಂಬುವವರ ತಾಳ್ಮೆಯಿಂದ ಹದಗೊಂಡ ಕಾಫಿ.

ಪೂಲ್ ಕಾಲ, ಆಮೇಲೆ

1942ರ ಕಾಯ್ದೆಯಿಂದ ಬೆಳೆಗಾರರ ಕಾಫಿಯೆಲ್ಲ ಕಾಫಿ ಬೋರ್ಡೇ ಒಟ್ಟುಗೂಡಿಸಿ ಮಾರುವ ಪೂಲ್‌ಗೆ ಸೇರತೊಡಗಿತು. ಕ್ಯೂರಿಂಗ್ ಶೆಡ್ಡುಗಳಲ್ಲಿ ಹೆಂಗಸರು ಸಾಲಾಗಿ ಕೂತು ಕಪ್ಪು ಕಾಳು, ಒಡಕು ಕಾಳು ಆರಿಸುತ್ತಿದ್ದರು. ಅದಕ್ಕೆ ಗಾರ್ಬಲಿಂಗ್ ಎನ್ನುತ್ತಿದ್ದರು. ಈಗ ಬಣ್ಣ ಗುರುತಿಸುವ ಯಂತ್ರ ಆ ಕೆಲಸದ ಬಹುಪಾಲನ್ನು ತೆಗೆದುಕೊಂಡಿದೆ. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಗಿ, ವ್ಯಾಪಾರಿಗಳು ತೋಟದ ಬಾಗಿಲಿಗೇ ಬಂದರು. ಅಲ್ಲಿಂದ ಆನೇಮಹಲಿನ ಕಣದಲ್ಲಿ ತುಂಬಿದ 50 ಕಿಲೋ ಚೀಲವೇ ಪೇಟೆಯ ದರದ ಅಳತೆ.

ತೇವ ಹೆಚ್ಚಿದ್ದರೆ ಬೂಷ್ಟು ಬರುತ್ತದೆ. ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಶೇ 10ಕ್ಕೆ, ಚೆರ್ರಿ ಶೇ 11ರ ಆಸುಪಾಸಿಗೆ ಇಳಿಯಬೇಕು. ಗೊಬ್ಬರದ ಹಳೆಯ ಚೀಲ ಬಳಸುವಂತಿಲ್ಲ, ಕಾಫಿ ಪಕ್ಕದ ವಾಸನೆಯನ್ನು ಹೀರಿಕೊಳ್ಳುತ್ತದೆ. ನಾರು ಮೆದುವಾಗಲೆಂದು ಗಿರಣಿಯಲ್ಲಿ ಹಚ್ಚುವ ಖನಿಜ ತೈಲದ ವಾಸನೆಯೂ ಕಾಳಿಗೆ ಇಳಿಯುತ್ತದೆಂದು ತಿಳಿದ ಮೇಲೆ, ಆಹಾರದ ಗೋಣಿಗೆ ಸಸ್ಯಜನ್ಯ ಎಣ್ಣೆ ಬಂತು. ಗೋದಾಮಿನಲ್ಲಿ ಮೂಟೆ ನೆಲಕ್ಕೂ ತಾಗಬಾರದು, ಗೋಡೆಗೂ ಒರಗಬಾರದು, ಹಲಗೆಯ ಮೇಲೆ ನಿಲ್ಲಬೇಕು. ಇಂಥ ನಿಯಮ ಪುಸ್ತಕದಲ್ಲಿ ಒಂದು ಸಾಲು. ಶೆಡ್ಡಿನಲ್ಲಿ ಅದು ಒಬ್ಬರ ಇಡೀ ದಿನದ ಎಚ್ಚರ.

ಐದು ಕಿಲೋ ಹೆಚ್ಚು

ಬ್ರೆಜಿಲ್ಲಿನ ವಾಡಿಕೆಯ ಚೀಲ 60 ಕಿಲೋ. ಲೋಕದ ಕಾಫಿ ಲೆಕ್ಕ ಇಂದಿಗೂ ಅದರಲ್ಲೇ ನಡೆಯುತ್ತದೆ. ನಮ್ಮ ರಫ್ತಿನ ಮೂಟೆಯೂ 60 ಕಿಲೋ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಒಂದು ಶಿಫಾರಸು ಮಾಡಿತು: ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಿದ್ದರೆ ಅದನ್ನು ತಗ್ಗಿಸುವ ಕ್ರಮ ಬೇಗ ಆಗಬೇಕು. ಕಾಫಿ ಲೋಕದ ಅಳತೆಗೋಲೇ ಮನುಷ್ಯನ ಬೆನ್ನಿಗಿಂತ ಐದು ಕಿಲೋ ಹೆಚ್ಚು ತೂಗುತ್ತದೆ. 20 ಅಡಿಯ ಒಂದು ಕಂಟೇನರಿಗೆ ಇಂಥ 320 ಚೀಲ, ಅಂದರೆ 19,200 ಕಿಲೋ. ಕಣದಿಂದ ಉಗ್ರಾಣ, ಉಗ್ರಾಣದಿಂದ ಲಾರಿ, ಲಾರಿಯಿಂದ ಕ್ಯೂರಿಂಗ್, ಅಲ್ಲಿಂದ ಕಂಟೇನರ್. ಅದೇ ಕಾಫಿ ಎಷ್ಟು ಸಲ ಹೆಗಲೇರುತ್ತದೆ ಎಂದು ರಸೀದಿ ಹೇಳುವುದಿಲ್ಲ.

ಮುಂಬೈಯಲ್ಲಿ ಮೂಟೆ ಹೊರುವ ಮಾಥಾಡಿಗಳಿಗೆ ಮಹಾರಾಷ್ಟ್ರ 1969ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿತು. ನಮ್ಮ ಹಮಾಲರೂ ಚೀಲ ತುಂಬುವ ಹೆಂಗಸರೂ ಅಂಥ ಭದ್ರತೆಗೆ ಅರ್ಹರು. ಈಗ ಕಂಟೇನರಿನೊಳಗೆ ದೊಡ್ಡ ಹಾಳೆಚೀಲ ಹಾಸಿ ಕಾಫಿಯನ್ನು ನೇರ ಸುರಿಯುವ ಪದ್ಧತಿ ಬಂದಿದೆ. ಹೆಗಲಿಗೆ ಅದು ಬಿಡುಗಡೆ; ಹೆಗಲನ್ನೇ ನಂಬಿದ ಮನೆಗೆ ಆತಂಕ. ಯಂತ್ರ ಭಾರವನ್ನು ಹೊತ್ತುಕೊಳ್ಳಲಿ, ಕೂಲಿಯನ್ನು ಹೊತ್ತುಕೊಂಡು ಹೋಗದಿರಲಿ. ಹದ ಬಲ್ಲ ಕೈಗೆ ತೂಕ ನೋಡುವ, ತೇವ ಅಳೆಯುವ ಕೆಲಸ ಕಲಿಸಿ ಅದಕ್ಕೆ ತಕ್ಕ ಸಂಬಳ ಕೊಡಲು ಸಾಧ್ಯವಿದೆ.

ಹಾಳೆಚೀಲಕ್ಕೆ ಕಿವಿ ಬೇಕಿಲ್ಲ, ಅದನ್ನು ಯಾರೂ ಎತ್ತುವುದಿಲ್ಲ. ಆದರೆ ಆನೇಮಹಲಿನ ಕಣದಲ್ಲಿ ಈ ಸಂಜೆಯೂ ಗೋಣಿಯ ಮೂಲೆಗೆ ಹುರಿ ಸುತ್ತಿ ಬಿಗಿಯುತ್ತಾರೆ. ಮುಂದೆ ಅದನ್ನು ಎತ್ತುವವನ ಮುಖವನ್ನು ಕಟ್ಟಿದವರು ನೋಡುವುದೇ ಇಲ್ಲ. ನೋಡದಿದ್ದರೂ ಅವನ ಬೆರಳು ಜಾರದಂತೆ ಇನ್ನೊಂದು ಸುತ್ತು ಹಾಕುತ್ತಾರೆ.